ಬಾವಲಿಗಳಿಗೊಂದು ರೇಡಿಯೋ

ಬಾವಲಿಗಳ ಮಾತು ಕದ್ದು ಕೇಳುವುದಕ್ಕೆಂದು ಚೆನ್ನಾಗಿ ಹಾಡುತ್ತಿದ್ದ ರೇಡಿಯೋವನ್ನು ಬಿಚ್ಚಿ ಹರಡಿದ ಮನುಷ್ಯ ಇಡೀ ಜೋಗುಪಾಳ್ಯದಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಸೋದರಮಾವನೇ ಆಗಬೇಕಿತ್ತೆ!

ತೊಂಬತ್ತರ ದಶಕದ ಮಾತು. ಬಾವಲಿಯ ಕೂಗು ನಮ್ಮ ಕಿವಿಗೆ ನಿಲುಕದಷ್ಟು ಕೀರಲು, ಅದನ್ನು ತಗ್ಗಿಸಿ ಕೇಳಿಸುವ ರಿಸೀವರನ್ನು ಮನೆಯಲ್ಲೇ ಮಾಡಬಹುದು ಎಂದು ಮಾವ ಎಲ್ಲೋ ಓದಿದರು. ಅಲ್ಲಿಂದ ಭಾನುವಾರ ಬಂದರೆ ಶಿವಾಜಿನಗರದ ಗುಜರಿ ಅಂಗಡಿಗಳೇ ಅವರ ದೇವಸ್ಥಾನ.

"ಕ್ಯಾ ಸಾಬ್, ಬಾವಲಿ ಏನು ನ್ಯೂಸ್ ಓದ್ತೈತಾ?" ಅಂಗಡಿಯ ಭಾಯಿ ಕೇಳಿದರು.

"ಓದ್ತೈತೆ. ನಮಗೆ ಸ್ಟೇಷನ್ ಸಿಗ್ತಿಲ್ಲ, ಅಷ್ಟೆ."

ಈ ಮಾತನ್ನು ಪಕ್ಕದಲ್ಲೇ ನಿಂತು ಕೇಳಿದೆನೆಂದು ಬಹಳ ಕಾಲ ನಂಬಿದ್ದೆ. ಆಮೇಲೆ ನನ್ನ ಹಳೆಯ ಡೈರಿ ತೆಗೆದರೆ, ಆ ಭಾನುವಾರ ನಾನು ಜ್ವರ ಬಂದು ಮಲಗಿದ್ದೇನೆ! ಮಾವನೇ ಹೇಳಿರಬೇಕು. ಅವರ ದನಿಯಂತೂ ನೆನಪಿದೆ, ಅಷ್ಟನ್ನಾದರೂ ನಂಬಬಹುದಲ್ಲವೆ?

ಸೋಪಿನ ಡಬ್ಬಿಯೊಳಗೆ ರಿಸೀವರ್ ಸಿದ್ಧವಾಯಿತು. ಹಲಸೂರು ಕೆರೆಯ ಹತ್ತಿರದ ದೊಡ್ಡ ಮರದಲ್ಲಿ ಹರಿದ ಕೊಡೆಗಳಂತೆ ಬಾವಲಿಗಳು ನೇತಾಡುತ್ತಿದ್ದವು. ಮಾವ ತಿಂಗಳುಗಟ್ಟಲೆ ಸಂಜೆ ಅದರಡಿ ನಿಂತು ಕೆರೆಯ ಸೊಳ್ಳೆಗಳಿಗೆ ರಕ್ತದಾನ ಮಾಡಿದರು. ಡಬ್ಬಿ ತುಟಿ ಬಿಚ್ಚಲಿಲ್ಲ. ಕೊನೆಗೆ ಅದೇ ಹುಚ್ಚಿನ ಬಾಣಸವಾಡಿಯ ಗೆಳೆಯರೊಬ್ಬರು ಬಂದು ತಲೆ ಚಚ್ಚಿಕೊಂಡರು.

"ಗುರುವೇ, ಈ ದೊಡ್ಡ ಬಾವಲಿ ಕಣ್ಣಲ್ಲಿ ನೋಡ್ಕೊಂಡು ಹಾರತ್ತೆ. ನೀನು ಹುಡುಕ್ತಿರೋ ಕೂಗು ಚಿಕ್ಕ ಬಾವಲಿದು. ಅದು ನಿನ್ನ ಮನೆ ಸೂರಲ್ಲೇ ಇದೆಯಲ್ಲೋ!"

ಸರಿ, ಠಿಕಾಣಿ ಮನೆಯ ತಾರಸಿಗೆ ಬಂತು. ಒಂದು ಮುಸ್ಸಂಜೆ ಮಾವ ಹೆಡ್‌ಫೋನ್ ಹಿಡಿದುಕೊಂಡು ಕುಣಿದರು: "ಬಂತು! ಲೇ, ಬಂತು ಕಣೇ!" ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಅತ್ತೆ ಗಾಬರಿಯಿಂದ ನಿಂತರು. ಸದ್ದು ನಿಂತಿತು. ಅತ್ತೆ ನಡೆದರು, ಸದ್ದು ಶುರುವಾಯಿತು. ಜೊತೆಗಿದ್ದ ಗೆಳೆಯರ ಕಣ್ಣು ಅತ್ತೆಯ ಸೊಂಟದ ಬೀಗದ ಕೈ ಗೊಂಚಲಿನ ಮೇಲೆ ನಿಂತಿತು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೂ ಅಂಥ ಕೀರಲು ಹೊರಡುತ್ತದಂತೆ!

"ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನನ್ನ ಬಾವಲಿ ಮಾಡಿದ್ರಾ?" ಎಂದರು ಅತ್ತೆ.

ಇಲ್ಲಿಯವರೆಗೆ ನಕ್ಕು ಬರೆದೆ. ಮುಂದಿನದಕ್ಕೆ ಕೈ ಓಡುತ್ತಿಲ್ಲ.

ಡಬ್ಬಿ ಪೂರ್ತಿ ಸರಿಹೋಗಲು ವರ್ಷಗಳೇ ಹಿಡಿದವು. ಅಷ್ಟೂ ವರ್ಷ ಮಾವ ಹಗಲು ದುಡಿದದ್ದು ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ, ತಗಡು ಬಡಿಯುವ ಯಂತ್ರದ ಪಕ್ಕದಲ್ಲಿ. ಬರಬರುತ್ತಾ ಅವರಿಗೆ ಎಲ್ಲದರ ಮೇಲೂ ಗುಮಾನಿ: ಬ್ಯಾಟರಿ ವೀಕು, ಹೆಡ್‌ಫೋನ್ ಡೂಪ್ಲಿಕೇಟು, ಬೆಸುಗೆ ಬಿಟ್ಟಿದೆ, ಬಾವಲಿಗಳಿಗೇ ಸೋಮಾರಿತನ!

"ಕಿವಿ ತೋರಿಸ್ಕೊಂಡು ಬನ್ರೀ" ಎಂದು ಅತ್ತೆ ಹೇಳಿದರೆ, "ನಿನ್ನ ಗೊಣಗಾಟ ಚೆನ್ನಾಗೇ ಕೇಳ್ಸತ್ತಲ್ಲ!" ಎನ್ನುತ್ತಿದ್ದರು. ನಾವೂ ನಗುತ್ತಿದ್ದೆವು. ಆಗಲೇ ತೋರಿಸಿದ್ದರೆ ಒಂದಷ್ಟು ಉಳಿಯುತ್ತಿತ್ತೋ ಏನೋ.

ಅವರು ನಿವೃತ್ತರಾದ ಮೇಲೆ ಒಂದು ಸಂಜೆ. ಬಾಣಸವಾಡಿಯ ಗೆಳೆಯರು ಡಬ್ಬಿಯನ್ನು ಮತ್ತೆ ಸರಿಮಾಡಿ ಕೊಟ್ಟು ಹೋಗಿದ್ದರು. ಮಾವ ಗುಂಡಿ ತಿರುಗಿಸಿದರು, ಇನ್ನಷ್ಟು ತಿರುಗಿಸಿದರು. "ಇಲ್ಲ ಕಣೋ, ಸತ್ತಿದೆ" ಎಂದರು ನನಗೆ.

"ಕೊಡಿ ಇಲ್ಲಿ, ಅದೇನಿದೆ ಮಹಾ" ಎನ್ನುತ್ತಾ ಅತ್ತೆ ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡರು. ಅವರ ಬಾಯಿ ತೆರೆದೇ ಉಳಿಯಿತು.

"ರೀ... ಎಷ್ಟೊಂದಿವೆ ರೀ!"

ಅಂದ ಮೇಲೆ ಅವರಿಗೇ ಅರ್ಥವಾಯಿತು. ಹೆಡ್‌ಫೋನ್ ಕಿತ್ತು ಕೆಳಗಿಡಲು ಹೋದರು. ಮಾವ ತಡೆದರು. ಒಮ್ಮೆ ಡಬ್ಬಿಯನ್ನು ನೋಡಿ, ಮೆಲ್ಲಗೆ ತಮ್ಮ ಕಿವಿ ಮುಟ್ಟಿಕೊಂಡರು.

"ಹಾಗಾದ್ರೆ ಡಬ್ಬಿ ಸರಿಯಾಗೇ ಇದೆ" ಎಂದರು.

ಅತ್ತೆ ಅವರ ಅಂಗೈಯನ್ನು ತಮ್ಮ ಮಡಿಲಿಗೆಳೆದುಕೊಂಡು, ಕೇಳಿದ್ದನ್ನು ಬೆರಳಿನಿಂದ ತಟ್ಟತೊಡಗಿದರು. ಟಕ್. ಟಕ್. ಟಕ್. ಆಮೇಲೆ ಇದ್ದಕ್ಕಿದ್ದಂತೆ ಟಕಟಕಟಕಟಕ, ಅಷ್ಟೆ.

ಕಣ್ಣು ಮುಚ್ಚಿದ್ದ ಮಾವನ ಮುಖ ಅರಳಿತು.

"ಹಾಗೆ ಆತುರಪಟ್ಟು ಕೂಗಿತು ಅಂದ್ರೆ ಅದಕ್ಕೆ ಸೊಳ್ಳೆ ಸಿಕ್ತು ಅಂತ ಕಣೇ" ಎಂದರು. "ಎಲ್ಲಿ, ಇನ್ನೊಂದು ಹೇಳು."