ಹಕಾಮಾದೊಳಗಿನ ಮಣೆ

ಆ ಭಾನುವಾರದ ಗೋಳಿಗೆಲ್ಲ ಮೂಲ ಒಂದು ಪುಟ್ಟ ಮಣೆ. ಮಡಿಸಿದರೆ ಹೆಂಗಸರ ಕೈಚೀಲದಲ್ಲಿ ಹಿಡಿಸುವಂಥದ್ದು. ಗುಡಿಯಲ್ಲಿ ತಿಥಿಯ ಮಂತ್ರ ಮುಗಿಯುವವರೆಗೆ ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರಲಾರದ ಹಿರಿಯರು ಅದನ್ನು ಕಿಮೊನೊದ ಅಡಿಯಲ್ಲಿ ಗುಟ್ಟಾಗಿ ಇಟ್ಟುಕೊಳ್ಳುವುದುಂಟು. ಬೆಳಿಗ್ಗೆ ಸುಮಿಯೆ ಅದನ್ನು ಗಂಡನ ಚೀಲಕ್ಕೆ ತುರುಕಿದಳು.

"ಬೇಡ ಕಣೇ. ಗರಡೀಲಿ ಯಾರಾದ್ರೂ ನೋಡಿದ್ರೆ?" ಎಂದ ನಿಶಿವಾಕಿ.

"ನಿಮ್ಮ ಹಕಾಮಾ ಲಂಗದ ನೆರಿಗೇಲಿ ಒಂದು ಅಂಗ್ಡೀನೇ ಮುಚ್ಚಿಡಬಹುದು. ಯಾರ್ರೀ ನೋಡ್ತಾರೆ? ಆವತ್ತಿನ ಹಾಗೇ ಮತ್ತೆ ಆಗ್ಬೇಕಾ?"

ನಿಶಿವಾಕಿ ಚೀಲ ಹೆಗಲಿಗೇರಿಸಿದ.

ಆವತ್ತು ಎಂದರೆ ಅವನ ತಲೆಯಲ್ಲಿ ಇನ್ನೂ ಕೂದಲಿದ್ದ ಕಾಲ. ಕಾಜಿವಾರ ಗುರುಗಳು ಐಕಿದೊ ಮಲ್ಲವಿದ್ಯೆಯ ಶಿಬಿರ ನಡೆಸಲು ಮೊದಲ ಬಾರಿ ಅವನೂರು ಮೈಜುರುವಿಗೆ ಬಂದಿದ್ದರು. ಅವರು ಯಾರತ್ತ ಬೆರಳು ಮಡಿಸಿ ಕರೆಯುತ್ತಾರೋ ಅವರು "ಹೈ!" ಎಂದು ಎದ್ದು ಓಡಬೇಕು, ಎಸೆದಂತೆ ಬೀಳಬೇಕು. ಆ ಕೈಯಿಂದ ಎಸೆಸಿಕೊಳ್ಳುವುದೇ ಭಾಗ್ಯವೆಂದು ಜನ ಊರೂರಿನಿಂದ ಬರುತ್ತಿದ್ದರು. ಬೆರಳು ನಿಶಿವಾಕಿಯತ್ತ ಬಾಗಿತು. ಅವನೋ ಕ್ಷೌರಿಕ, ದಿನವಿಡೀ ನಿಂತೇ ಕೆಲಸ, ಕೂತು ಗೊತ್ತಿಲ್ಲದ ಕಾಲುಗಳು. ಎರಡೂ ಜೋಮು ಹಿಡಿದು ಕೊರಡಾಗಿದ್ದವು. ಹೇಗೋ ಎದ್ದ, ಹೇಗೋ ತಲುಪಿದ. ಗುರುಗಳು ಕೈ ಎತ್ತಿದರು. ಆ ಕೈ ಮುಟ್ಟುವ ಮೊದಲೇ ಅವನು ಊರುಗೋಲು ಕಿತ್ತ ಹುರುಳಿಕಾಯಿ ಬಳ್ಳಿಯಂತೆ ಮಗುಚಿಕೊಂಡ. ಗರಡಿಯೆಲ್ಲ ಗೊಳ್ಳೆಂದಿತು.

ಅಂದಿನಿಂದ ಅವನು 'ಗಾಳಿಗೆ ಬಿದ್ದ ನಿಶಿವಾಕಿ'. ಹೆಸರಿಟ್ಟವನು ಔಷಧಿ ಅಂಗಡಿಯ ಮಿದೊರಿಕಾವ. ಆಮೇಲೆ ಗುರುಗಳು ಊರಿಗೆ ಬಂದಾಗಲೆಲ್ಲ ನಿಶಿವಾಕಿಗೆ ಸರಿಯಾಗಿ ಅದೇ ದಿನ ನೆಗಡಿಯಾಗುತ್ತಿತ್ತು. ನೆಗಡಿಗೆ ಮಾತ್ರೆ ಕೊಡುತ್ತಿದ್ದವನೂ ಮಿದೊರಿಕಾವನೇ, ನಗುತ್ತ.

ಈ ಸಲ ಮಾತ್ರ ನೆಗಡಿ ಮಾಡಿಕೊಳ್ಳುವಂತಿರಲಿಲ್ಲ. ಗುರುಗಳಿಗೆ ವಯಸ್ಸಾಗಿತ್ತು, ಇನ್ನು ಊರೂರು ತಿರುಗುವುದಿಲ್ಲ, ಇದೇ ಕೊನೆಯ ಶಿಬಿರ ಎಂದು ಸುದ್ದಿ ಬಂದಿತ್ತು. ಒಂದೇ ಒಂದು ಸಲ ಆ ಕೈಯಿಂದ ಸರಿಯಾಗಿ ಬಿದ್ದು, ಎದ್ದು, ತಲೆಬಾಗಿ ಬಂದರೆ ಸಾಕು. ನಿಶಿವಾಕಿ ಬೇರೇನೂ ಬೇಡಿಕೊಂಡಿರಲಿಲ್ಲ.

ಗರಡಿಯ ಹಿಂದಿನ ಸಾಲಿನಲ್ಲಿ ಮಣೆ ಹಾಕಿಕೊಂಡು ಕೂತ. ಸ್ವರ್ಗ! ಕಾಲಿಗೆ ಭಾರವೇ ಇಲ್ಲ. ಆದರೆ ತಲೆ ಎಲ್ಲರ ತಲೆಗಿಂತ ಒಂದು ಗೇಣು ಮೇಲೆ ನಿಂತಿತು, ಎಲೆಕೋಸಿನ ಮಡಿಯಲ್ಲಿ ಒಂದೇ ಒಂದು ಸೂರ್ಯಕಾಂತಿ ಎದ್ದಂತೆ.

"ಏನ್ರೀ, ಈ ವಯಸ್ಸಲ್ಲಿ ಬೆಳೀತಾ ಇದ್ದೀರಾ?" ಮಿದೊರಿಕಾವ ಪಿಸುಗುಟ್ಟಿದ.

"ಬೆನ್ನು ನೆಟ್ಟಗೆ ಮಾಡ್ಕೊಂಡಿದೀನಿ ಅಷ್ಟೆ."

ಪಕ್ಕದಲ್ಲಿದ್ದ ನಿವೃತ್ತ ಟೀಚರ್ ಓಕಿಯಮ್ಮ ಓರೆಗಣ್ಣಿನಲ್ಲಿ ಅವನ ನೆರಿಗೆಗಳನ್ನು ನೋಡಿದರು. ಆ ನೋಟದಲ್ಲಿ ಆಸೆ ಇತ್ತು.

ಅಷ್ಟರಲ್ಲಿ ಗುರುಗಳ ಕಣ್ಣು ಇತ್ತ ಬಿತ್ತು. "ಅಲ್ನೋಡಿ, ಆ ಬೋಳುತಲೆಯವರು. ಕೂರೋದು ಅಂದ್ರೆ ಹಾಗೆ! ಬನ್ನಿ, ಮುಂದೆ ಬಂದು ಕೂತ್ಕೊಳ್ಳಿ. ಎಲ್ರೂ ನೋಡಿ ಕಲೀಲಿ."

ಎದ್ದರೆ ಗುಟ್ಟು ರಟ್ಟು. ನಿಶಿವಾಕಿ ಮಣೆಯನ್ನು ಮೀನಖಂಡಗಳ ನಡುವೆ ಅವುಚಿಕೊಂಡು, ಮೊಟ್ಟೆ ಬಚ್ಚಿಟ್ಟ ಕೋಳಿಯಂತೆ ಮಂಡಿಯ ಮೇಲೇ ತೆವಳಿ ಮುಂದಿನ ಸಾಲಿಗೆ ಬಂದ. "ಆಹಾ, ಎಷ್ಟು ವಿನಯ!" ಎಂದರು ಗುರುಗಳು. ಎರಡು ಗಂಟೆ ಕಾಲ ಅವನು ಪ್ರದರ್ಶನದ ಗೊಂಬೆಯಂತೆ ಕೂತ. ಬೆರಳು ಒಬ್ಬೊಬ್ಬರತ್ತ ಬಾಗಿತು. ಒಬ್ಬೊಬ್ಬರೂ ಹೋಗಿ ಬಿದ್ದು ಧನ್ಯರಾಗಿ ಬಂದರು. ಅವನನ್ನು ಯಾರೂ ಕರೆಯಲಿಲ್ಲ. ಗೊಂಬೆಯನ್ನು ಯಾರು ಎಸೆಯುತ್ತಾರೆ?

ಕೊನೆಗೆ ಗುರುಗಳು ಬೆವರು ಒರೆಸಿಕೊಂಡು ನಿಂತರು.

"ಒಂದು ಮಾತು ಹೇಳ್ತೀನಿ. ಹಿಂದೆ ಇದೇ ಗರಡೀಲಿ ಒಬ್ಬರನ್ನ ಕಂಡಿದ್ದೆ. ತಲೆ ತುಂಬಾ ಕೂದಲಿತ್ತು, ಹೆಸರು ಕೇಳಲಿಲ್ಲ. ನಾನು ಕೈ ಎತ್ತಿದ್ದೆ ಅಷ್ಟೆ, ಮುಟ್ಟಿರಲಿಲ್ಲ. ಅವರಾಗಲೇ ಬಿದ್ದಿದ್ರು. ನನ್ನ ಮನಸ್ಸಲ್ಲಿದ್ದದ್ದು ಅವರ ಮೈಗೆ ತಿಳೀತು ನೋಡಿ! ಹೋದ ಕಡೆಯೆಲ್ಲ ಅವರ ಕತೆ ಹೇಳಿದೀನಿ. ಇಲ್ಲಿಗೆ ಬಂದಾಗಲೆಲ್ಲ ಹುಡುಕಿದೀನಿ. ಕೈ ಕೆಳಗಿಡೋ ಮುಂಚೆ ಅದನ್ನ ಇನ್ನೊಂದ್ಸಲ ನೋಡ್ಬೇಕು ಅನ್ನೋ ಆಸೆ. ಅವರು ಇಲ್ಲಿದ್ದಾರಾ?"

ಹಳಬರ ಕಣ್ಣುಗಳೆಲ್ಲ ಒಂದೇ ಬೋಳುತಲೆಯ ಮೇಲೆ ನೆಟ್ಟವು. ನಿಶಿವಾಕಿಯ ಕಿವಿ ಕಾದ ಹೆಂಚಾಯಿತು. ಇಷ್ಟು ವರ್ಷ ಯಾವ ಕಣ್ಣಿಗೆ ಹೆದರಿ ನೆಗಡಿ ಮಾಡಿಕೊಂಡಿದ್ದನೋ ಅದೇ ಕಣ್ಣು ತನ್ನನ್ನು ಹುಡುಕುತ್ತಿತ್ತೇ?

"ಇವ್ರೇ ಗುರುಗಳೇ!" ಹಿಂದಿನಿಂದ ಮಿದೊರಿಕಾವ ಕೂಗಿದ. "ನಮ್ಮ ನಿಶಿವಾಕಿಯವ್ರೇ ಅದು!"

ಗುರುಗಳ ಮುಖ ಅರಳಿತು. ಬೆರಳು ಬಾಗಿತು.

"ಹೈ!" ನಿಶಿವಾಕಿ ಎದ್ದ. ಹಿಂದೆ ಮಣೆ ಟಕ್ಕೆಂದು ಬಿದ್ದದ್ದು, ಓಕಿಯಮ್ಮ ಹಿಂದಿನ ಸಾಲಿನಿಂದ ಸರಕ್ಕನೆ ಮುಂದೆ ಜರುಗಿ ಅದರ ಮೇಲೆ ಹಕಾಮಾ ಹರಡಿ ಕೂತದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಾಲುಗಳು ಕಂಬದಂತಿದ್ದವು. ಜೋಮಿನ ಸುಳಿವೂ ಇಲ್ಲ.

ಗುರುಗಳ ಕೈ ಮೇಲೆದ್ದು ಅವನ ಎದೆಯ ಮುಂದೆ ಬಂದು ನಿಂತಿತು. ಮುಟ್ಟಲಿಲ್ಲ. ಕಾಯಿತು.

ಬಿದ್ದುಬಿಡು, ಎಂದಿತು ಮನಸ್ಸು. ಬೇಕೆಂದೇ ಬಿದ್ದರೆ ಈ ಮುದುಕರ ಮುಂದೆ ಸುಳ್ಳಾಡಿದಂತೆ, ಎಂದಿತು ಅದೇ ಮನಸ್ಸು. ಬೀಳದಿದ್ದರೆ ಅವರ ಆಸೆ ಮುರಿದಂತೆ. ಅವನು ಇನ್ನೂ ಯೋಚಿಸುತ್ತಿರುವಾಗಲೇ ಕೈ ಮೆಲ್ಲನೆ ಕೆಳಗಿಳಿಯಿತು.

"ನೀವಲ್ಲ," ಎಂದರು ಗುರುಗಳು, ಮೃದುವಾಗಿ. "ನಿಮ್ಮ ಕಾಲು ಬಹಳ ಗಟ್ಟಿ. ಅವರು ಬೇರೆ. ಸುಮ್ನೆ ತೊಂದ್ರೆ ಕೊಟ್ಟೆ, ಕ್ಷಮಿಸಿ." ಮತ್ತು ಅವನಿಗೆ ತಲೆಬಾಗಿದರು.

ನಿಶಿವಾಕಿ ಜಾಗಕ್ಕೆ ಮರಳಿದ. ಮಣೆಯಿಲ್ಲ. ಓಕಿಯಮ್ಮ ಒಂದು ಗೇಣು ಎತ್ತರವಾಗಿ, ಏನೂ ತಿಳಿಯದವರಂತೆ ಗೋಡೆ ನೋಡುತ್ತಿದ್ದರು. ಬರಿಯ ಹಿಮ್ಮಡಿಯ ಮೇಲೆ ಕೂತ. ಸಂಘದ ಅಧ್ಯಕ್ಷರ ಭಾಷಣ ಶುರುವಾಯಿತು, ಉಪಾಧ್ಯಕ್ಷರದು ಮುಂದುವರಿಯಿತು. ನಿಶಿವಾಕಿಗೆ ಒಂದೂ ಕೇಳಿಸಲಿಲ್ಲ. ಆ ಇಳಿದ ಕೈಯೊಂದೇ ಕಣ್ಣ ಮುಂದೆ. ಗುರುಗಳು ಹೋಗುವ ಮೊದಲು ನಿಜ ಹೇಳಿಬಿಡಬೇಕು. ನಾನೇ ಅದು, ಬರೀ ಜೋಮು ಹಿಡಿದಿತ್ತು, ಬೇಕಾದರೆ ನಗಿ, ಆದರೆ ಹುಡುಕಬೇಡಿ ಎಂದು.

ಭಾಷಣ ಮುಗಿಯಿತು. ಎಲ್ಲರೂ ಹಣೆ ಚಾಪೆಗೆ ಮುಟ್ಟಿಸಿದರು. ಗುರುಗಳು ಬಾಗಿಲಿಗೆ ನಡೆದು, ಮೆಟ್ಟಿಲ ಮೇಲೆ ಎಲ್ಲರಿಗೂ ಬೆನ್ನು ಹಾಕಿ ಕೂತು ಬೂಟಿಗೆ ಕಾಲು ತೂರಿಸತೊಡಗಿದರು. ಹೊರಗೆ ಟ್ಯಾಕ್ಸಿ ನಿಂತಿತ್ತು.

"ಗುರುಗಳೇ!" ನಿಶಿವಾಕಿ ಎದ್ದು ಓಡಿದ. ಎರಡು ಹೆಜ್ಜೆ ಅವನದಾಗಿತ್ತು. ಮೂರನೆಯ ಹೆಜ್ಜೆಗೆ ಕಾಲುಗಳೇ ಇರಲಿಲ್ಲ. ಗುರುಗಳು ಹಿಮ್ಮಡಿ ಜಾರಿಸುವ ಬೂಟುಚಮಚ ತೆಗೆದುಕೊಳ್ಳಲು ಗೋಡೆಯತ್ತ ಕೈ ಎತ್ತಿದರು. ಅದೇ ಗಳಿಗೆಗೆ, ಅವರ ಬೆನ್ನ ಹಿಂದೆ, ನಿಶಿವಾಕಿ ಧೊಪ್ಪನೆ ಮಗುಚಿಕೊಂಡ. ಅಂದಿನಂತೆಯೇ.

ಸದ್ದು ಗುರುಗಳಿಗೆ ಕೇಳಿಸದಿರಲು ಸಾಧ್ಯವೇ ಇರಲಿಲ್ಲ. ಆದರೆ ಅವರು ಹಳೆಯ ಕಾಲದ ಮರ್ಯಾದಸ್ಥರು. ಬಿದ್ದವರನ್ನು ತಿರುಗಿ ನೋಡಿ ನಾಚಿಸುವ ಜಾಯಮಾನ ಅವರದಲ್ಲ. ಇನ್ನಷ್ಟು ಬಾಗಿ ಬೂಟನ್ನೇ ನೋಡಿಕೊಂಡು, ಎದ್ದು, ಟ್ಯಾಕ್ಸಿ ಹತ್ತಿ ಹೊರಟುಹೋದರು.

ಮಿದೊರಿಕಾವ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಅವನ ಮುಖದಲ್ಲಿ ಮೊದಲ ಬಾರಿ ನಗುವಿರಲಿಲ್ಲ.

"ಅಯ್ಯೋ ನಿಶಿವಾಕಿಯವ್ರೇ," ಎಂದ, "ಅವ್ರು ಮುಟ್ಲೇ ಇಲ್ವಲ್ರೀ!"