ಇರುವೆ ಓಡಿಸಲು ಹೋಗಿ ಮಾವನನ್ನು ಎಬ್ಬಿಸಿದ್ದು

"ಅಮ್ಮಾ, ಅಜ್ಜಿಗೆ ಹೆಣ ಅಂದ್ರೆ ಯಾಕಷ್ಟು ಇಷ್ಟ?"

ನನ್ನ ಐದು ವರ್ಷದ ಮಗಳು ಇದನ್ನು ಕೇಳಿದ್ದು ಶಾಲೆಯ ಗೇಟಿನಲ್ಲಿ, ಅವಳ ಟೀಚರ್ ಎದುರಿಗೇ, ಗಂಟಲು ಬಿಚ್ಚಿ. ಟೀಚರ್ ಒಂದು ಹೆಜ್ಜೆ ಹಿಂದೆ ಸರಿದರು.

"ಸಿನಿಮಾದ ಹೆಣ, ಟೀಚರ್!" ಎಂದು ಹಲ್ಲು ಕಿರಿದೆ. ಅವರು ನಂಬಿದಂತೆ ಕಾಣಲಿಲ್ಲ. ಊಟದ ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು ನನಗೆ ದಾಟಿಸಿದರು. ಅದರ ಮೇಲೊಂದು ಚೀಟಿ: "ದಯವಿಟ್ಟು ಊಟವನ್ನು ಮಾತ್ರ ಕಳುಹಿಸಿ. ಇರುವೆಗಳು ಬೇಡ." ಆ ವಾರಕ್ಕೆ ಅದು ಮೂರನೆಯ ಚೀಟಿ.

ಒಂದೇ ಗೇಟಿನಲ್ಲಿ ಎರಡು ಅವಮಾನ! ಮನೆಗೆ ಬಂದವಳೇ ಡೈರಿ ತೆಗೆದು ದಪ್ಪಕ್ಷರದಲ್ಲಿ ಬರೆದೆ: "ಇನ್ನು ಹತ್ತು ದಿನಗಳಲ್ಲಿ ಈ ಮನೆಯಲ್ಲಿ ಒಂದೇ ಒಂದು ಇರುವೆ ಇರುವುದಿಲ್ಲ. ಇದು ನನ್ನ ಶಪಥ." ಕೆಳಗೆ ಎರಡು ಗೆರೆ ಎಳೆದೆ. ಬಾಯಿ ಒರೆಸಿಕೊಂಡು ಡ್ರಾಯರಿಗೆ ಬೀಗ ಹಾಕಿದೆ.

ಇರುವೆ ಓಡಿಸುವುದೇನು ಮಹಾ ಎನ್ನಬೇಡಿ. ನಮ್ಮ ಮನೆಯಲ್ಲಿ ಇರುವೆಗೆ ವಕೀಲರಿದ್ದಾರೆ. ನಮ್ಮತ್ತೆ!

ಅತ್ತೆ ಕಾಲೇಜಿನ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಪ್ಪೆಗಳನ್ನು ಹಲಗೆಗೆ ಚುಚ್ಚಿ ಕೊಟ್ಟವರು. ರಕ್ತವೆಂದರೆ ಅವರಿಗೆ ಟೊಮೆಟೊ ರಸಕ್ಕೆ ಸಮ. ನಿವೃತ್ತರಾದ ಮೇಲೆ ಬೇರೆ ಅತ್ತೆಯರು ಧಾರಾವಾಹಿ ಹಿಡಿದರೆ, ನಮ್ಮತ್ತೆ ಹಿಡಿದದ್ದು ಐವತ್ತು ವರ್ಷ ಹಳೆಯದೊಂದು ಯುರೋಪಿನ ಹೆಣದ ಸಿನಿಮಾ. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ತಪ್ಪದೆ ಅದರ ಪ್ರದರ್ಶನ. ಅದರ ಭಾಷೆ ಅತ್ತೆಗೆ ಬಾರದು. ಹೆಣಗಳಿಗೂ ಬಾರದು, ಅವು ಬರೀ ಊಂ ಎನ್ನುತ್ತವೆ. ಹಾಗಾಗಿ ಇಬ್ಬರಿಗೂ ತೊಂದರೆಯಿಲ್ಲ.

ಕತೆ ಇಷ್ಟೇ. ದ್ರಾಕ್ಷಿ ತೋಟದ ಹುಳು ಓಡಿಸಲು ಯಾರೋ ಮಹಾನುಭಾವರು ನೆಲದಡಿ ಗುಂಯ್‌ಗುಡುವ ಯಂತ್ರವೊಂದನ್ನು ಹೂಳುತ್ತಾರೆ. ಹುಳು ಹೋಗುವುದಿಲ್ಲ, ಪಕ್ಕದ ಸ್ಮಶಾನದವರು ಎದ್ದು ಬರುತ್ತಾರೆ. ಸತ್ತು ಮೂರು ವರ್ಷವಾದವನ ಕ್ರಾಪಿನ ಒಂದು ಕೂದಲೂ ಕೆದರಿಲ್ಲ! ಷೂ ಪಾಲಿಶ್ ಬೇರೆ!

"ನಗಬೇಡ ಕಣೇ," ಎನ್ನುತ್ತಾರೆ ಅತ್ತೆ. "ಇದು ದೆವ್ವದ ಸಿನಿಮಾ ಅಲ್ಲ, ಪರಿಸರದ ಸಿನಿಮಾ."

"ಪರಿಸರ ಎಲ್ಲಿದೆ ಅತ್ತೆ? ಆ ಹೆಣ ಪೊಲೀಸಿನವನ ಕರುಳು ತಿಂತಿದೆ."

"ಹುಳ ಸಾಯಿಸೋಕೆ ಹೋದ್ರೆ ಇನ್ನೇನಾಗತ್ತೆ? ಮಣ್ಣಿನ ತಂಟೆಗೆ ಹೋದ್ರೆ ಮಣ್ಣಲ್ಲಿರೋರು ಸುಮ್ನಿರ್ತಾರಾ?"

ಈ ಘನ ತತ್ವದ ಪ್ರಕಾರ ನಮ್ಮ ಮನೆಯೊಳಗೆ ಇರುವೆಪುಡಿಗೆ ಪ್ರವೇಶವಿಲ್ಲ. ನನ್ನ ಗಂಡನನ್ನು ತೀರ್ಪು ಕೇಳಿದರೆ, "ನೀನು ಹೇಳೋದೂ ಸರಿ, ಅಮ್ಮ ಹೇಳೋದೂ ಸರಿ," ಎಂದು ಸ್ನಾನದ ಮನೆ ಸೇರಿಕೊಳ್ಳುತ್ತಾರೆ. ಮುಕ್ಕಾಲು ಗಂಟೆ ಹೊರಗೆ ಬರುವುದಿಲ್ಲ.

ಇನ್ನುಳಿದವರು ಮಾವ. ರೈಲಿನ ಗಾರ್ಡ್ ಆಗಿದ್ದವರು. ಕೊನೆಯ ಗಾಡಿಗೆ ಹಸಿರು ಬಾವುಟ ಬೀಸಿ ಮನೆಗೆ ಬಂದು ಆರಾಮಕುರ್ಚಿಯಲ್ಲಿ ಕೂತರು. ಆರು ವರ್ಷವಾಯಿತು, ಇನ್ನೂ ಕೂತಿದ್ದಾರೆ. ಕಿವಿ ಮಂದವಾಯಿತು, ಮಾತು ನಿಂತಿತು. ಊಟಕ್ಕೆ ಮತ್ತು ಹಾಸಿಗೆಗೆ ಮಾತ್ರ ಅತ್ತೆ ಕೈಹಿಡಿದು ಎಬ್ಬಿಸುತ್ತಾರೆ. ಬೆಳಿಗ್ಗೆ ಕಿವಿಯ ಯಂತ್ರ ಸಿಕ್ಕಿಸುವವರೂ ಅತ್ತೆಯೇ, ರಾತ್ರಿ ತೆಗೆಯುವವರೂ ಅತ್ತೆಯೇ. ಒಮ್ಮೆ ನನ್ನ ಮಗಳು ಧೂಳು ಒರೆಸುವ ಬಟ್ಟೆಯಲ್ಲಿ ಕುರ್ಚಿಯ ಜೊತೆ ಅವರನ್ನೂ ಒರೆಸಿದ್ದಳು. ಅವರು ಕಣ್ಣು ಕೂಡ ತೆರೆಯಲಿಲ್ಲ.

ಪುಡಿ ಬೇಡವಾದರೆ ಬೇಡ, ಶಪಥ ಮಾಡಿದ ದಿನವೇ ನಾನು ಯಂತ್ರ ತರಿಸಿದೆ! ಅಂಗೈ ಅಗಲದ ಬಿಳಿ ಡಬ್ಬಿ. ಪ್ಲಗ್ಗಿಗೆ ಸಿಕ್ಕಿಸಿದರೆ ಕಾಲು ಗಂಟೆಗೊಮ್ಮೆ ಮನುಷ್ಯರಿಗೆ ಕೇಳಿಸದ ಶಬ್ದ ಹೊರಡಿಸಿ ಕ್ರಿಮಿಕೀಟಗಳನ್ನು ಓಡಿಸುತ್ತದಂತೆ. ಹಿಡಿಸದಿದ್ದರೆ ಹತ್ತು ದಿನದೊಳಗೆ ವಾಪಸು.

ಅತ್ತೆ ಕನ್ನಡಕ ಏರಿಸಿ ಡಬ್ಬಿಯ ಮೇಲಿನದನ್ನು ಓದಿದರು. ಮುಖ ಬಿಳುಚಿತು.

"ಇದೇ! ಇದೇ ಯಂತ್ರ! ಸಿನಿಮಾದಲ್ಲಿರೋದು ಇದೇ!"

"ಅತ್ತೆ, ಸ್ಮಶಾನ ಇಲ್ಲಿಂದ ನಾಲ್ಕು ಕಿಲೋಮೀಟರು. ನಮ್ಮನೇಲಿ ಯಾರು ಎದ್ದು ಬರ್ತಾರೆ?"

"ನೋಡ್ತಿರು."

"ಆಯ್ತು, ಬಾಜಿ ಕಟ್ಟೋಣ. ಇದರಿಂದ ಇರುವೆ ಹೋಗಲಿಲ್ಲ ಅಂದ್ರೆ ನಿಮ್ಮ ಹೆಣದ ಸಿನಿಮಾನ ನಿಮ್ಮ ಪಕ್ಕ ಕೂತು ಪೂರ್ತಿ ನೋಡ್ತೀನಿ. ಕಣ್ಣು ಮುಚ್ಚದೆ!"

ವಿಜ್ಞಾನಕ್ಕೆ ಜಯಕಾರ ಹಾಕುತ್ತಾ ನಡುಮನೆಯ ಸ್ವಿಚ್ ಒತ್ತಿದೆ.

ಆರಾಮಕುರ್ಚಿ ಕಿರ್ರೆಂದಿತು.

ನಾವು ತಿರುಗಿ ನೋಡಿದೆವು. ಮಾವನ ಕಣ್ಣು ತೆರೆದಿತ್ತು. ಆಮೇಲೆ ಬಲಗೈ ತಾನಾಗಿ ಮುಂದಕ್ಕೆ ಚಾಚಿಕೊಂಡಿತು. ಆಮೇಲೆ ಆರು ವರ್ಷದಿಂದ ಯಾರೂ ಹಿಡಿಯದೆ ಎದ್ದಿರದ ದೇಹ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಾ ಎದ್ದು ನಿಂತಿತು! ಒಂದು ಚಪ್ಪಲಿ ಎಳೆಯುತ್ತಾ, ಚಾಚಿದ ಕೈಯನ್ನು ಇಳಿಸದೆ, ನಮ್ಮ ಕಡೆಗೇ ಬರತೊಡಗಿತು.

"ಊಂ..." ಎಂದಿತು.

ಅತ್ತೆಯ ಕೈಯಿಂದ ರಿಮೋಟು ಜಾರಿತು. ನಾನು ಅತ್ತೆಯ ಹಿಂದೆ ಅಡಗಿದೆ. ಮಗಳು ಮಾತ್ರ ಕುಣಿದಾಡಿದಳು: "ಅಜ್ಜೀ, ತಾತ ಎದ್ರು! ಸಿನಿಮಾದವ್ರ ಥರಾನೇ ಎದ್ರು!"

"ಯಾರದು," ಎಂದರು ಮಾವ, ತುಕ್ಕು ಹಿಡಿದ ದನಿಯಲ್ಲಿ, "ಬಾವುಟ ತೋರಿಸದೆ ಸೀಟಿ ಊದಿದ್ದು?"

ನಾನು ಹೆದರಿ ಸ್ವಿಚ್ ಆರಿಸಿದೆ. ಅವರು ಅಲ್ಲೇ ನಿಂತು, "ಗಾಡಿ ಹೋಯ್ತಾ?" ಎಂದು ಕೇಳಿ ಮತ್ತೆ ಕುರ್ಚಿಗೆ ಒರಗಿದರು. ಸ್ವಿಚ್ ಹಾಕಿದೆ. ಎದ್ದರು! ಆರಿಸಿದೆ. ಕೂತರು! ನಾಲ್ಕನೆಯ ಸಲಕ್ಕೆ ನನ್ನ ಗಂಡ ಸ್ನಾನದ ಮನೆಯಿಂದ ತಲೆ ಹಾಕಿ ರಹಸ್ಯ ಬಿಡಿಸಿದರು. ನಮಗೆ ಕೇಳಿಸದ ಶಬ್ದವನ್ನು ಅಪ್ಪನ ಕಿವಿಯ ಯಂತ್ರ ಹಿಡಿದು ಸೀಟಿ ಮಾಡಿ ಒಳಗೆ ಊದುತ್ತಿದೆ. ಮಾವನಿಗೂ ಇದನ್ನು ಕೂಗಿ ಹೇಳಿದರು. "ಸೀಟಿ ಅಂದ್ರೆ ಸೀಟಿ," ಎಂದರು ಮಾವ. "ಕೇಳಿದ ಮೇಲೆ ಕೂತಿರೋದು ಡ್ಯೂಟಿ ಅಲ್ಲ."

ಶಪಥವಿತ್ತಲ್ಲ, ಯಂತ್ರ ಆರಿಸಲು ನನ್ನ ಮಾನ ಒಪ್ಪಲಿಲ್ಲ. ಒಂಬತ್ತು ದಿನ ಉರಿಯಲಿ ಎಂದು ಬಿಟ್ಟೆ. ಉರಿದದ್ದು ನನ್ನ ಹೊಟ್ಟೆ! ಕಾಲು ಗಂಟೆಗೊಮ್ಮೆ ಎಚ್ಚರಗೊಳ್ಳುವ ಮಾವ ಮನೆಗೊಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಸ್ನಾನದ ಮನೆಯ ಬಾಗಿಲಿಗೆ ಹಸಿರು ಟವೆಲ್ ಬೀಸಿ ಮಗನನ್ನು ಏಳೇ ನಿಮಿಷಕ್ಕೆ ಹೊರಡಿಸಿದರು. ನನ್ನ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತರು.

"ಏನಮ್ಮಾ, ಡಬ್ಬಿ ಎಂಟು ಹತ್ತಕ್ಕೆ ಬಿಡಬೇಕಿತ್ತು. ನಾಲ್ಕು ನಿಮಿಷ ತಡ."

"ಉಪ್ಪು ಹುಡುಕ್ತಿದ್ದೆ, ಮಾವ."

"ಕಾರಣ ಬರೆದು ಕೊಡು."

ಕೊಟ್ಟೆ! ಡಬಲ್ ಪದವಿ ಪಡೆದ ನಾನು, ಉಪ್ಪು ಸಿಗದ ಬಗ್ಗೆ ಸಹಿ ಹಾಕಿ ಬರೆದುಕೊಟ್ಟೆ!

ಇನ್ನು ಇರುವೆಗಳೋ? ಅವುಗಳಿಗೆ ಯಂತ್ರ ಬಹಳ ಹಿಡಿಸಿತು. ಬೆಚ್ಚಗಿತ್ತಲ್ಲ! ಹತ್ತನೆಯ ದಿನ ವಾಪಸು ಕಳಿಸಲೆಂದು ಪ್ಲಗ್ಗಿಂದ ಕಿತ್ತು ಅಲ್ಲಾಡಿಸಿದರೆ, ಅದರ ಜಾಲರಿಯಿಂದ ಒಂದು ಸಂಸಾರವೇ ಮೊಟ್ಟೆ ಹೊತ್ತು ಇಳಿದು ಬಂತು. ಇರುವೆ ಓಡಿಸುವ ಯಂತ್ರದೊಳಗೆ ಇರುವೆಯ ಹೆರಿಗೆ ಆಸ್ಪತ್ರೆ!

ಅದನ್ನು ಕಂಡ ಮಾವ ಮೊಣಕಾಲೂರಿ ನೆಲಕ್ಕೆ ಬಗ್ಗಿದರು.

"ಜೋಡಿ ಮಾರ್ಗ," ಎಂದರು ಗಂಭೀರವಾಗಿ. "ಖಾಲಿ ಗಾಡಿಗಳು ಅತ್ತ ಹೋಗ್ತಿವೆ. ಸರಕು ಇತ್ತ ಬರ್ತಿದೆ. ಲೋಡಿಂಗ್ ಎಲ್ಲಿ ಆಗ್ತಿದೆ, ನೋಡೋಣ."

ಗೋಡೆಯಂಚಲ್ಲಿ ಮಾವ, ಮಾವನ ಹಿಂದೆ ಮಗಳು, ಮಗಳ ಹಿಂದೆ ಅತ್ತೆ, ಎಲ್ಲರ ಹಿಂದೆ ಟವೆಲ್ ಸುತ್ತಿದ ನನ್ನ ಗಂಡ. ಮೆರವಣಿಗೆ ನಡುಮನೆ ದಾಟಿತು. ಅಡುಗೆಮನೆಯ ಕಡೆ ತಿರುಗಲೇ ಇಲ್ಲ! ಇರುವೆಗಳ ಸಾಲು ಮಲಗುವ ಕೋಣೆ ಹೊಕ್ಕು, ನಾನು ಬರೆಯುವ ಮೇಜಿನ ಕಾಲು ಹತ್ತಿ, ಡ್ರಾಯರಿನ ಸಂದಿಯಲ್ಲಿ ಮಾಯವಾಯಿತು. ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ ನಾನು ದಿನವೂ ಊಟದ ಡಬ್ಬಿ ಇಡುವ ಮೇಜು ಅದು.

"ಬೀಗ ತೆಗಿ," ಎಂದರು ಮಾವ.

"ಅದರಲ್ಲಿ ನನ್ನ ಡೈರಿ ಇದೆ, ಮಾವ. ಖಾಸಗಿ..."

"ತಪಾಸಣೆ ಅಂದ್ರೆ ತಪಾಸಣೆ."

ತೆಗೆದೆ. ಡೈರಿಯ ಹಿಂದೆ ಮೂರು ಪೊಟ್ಟಣ ಕ್ರೀಮ್ ಬಿಸ್ಕತ್ತು, ಎರಡು ಚಾಕೊಲೇಟು, ಅದರಲ್ಲೊಂದು ಅರ್ಧ ತಿಂದದ್ದು. ಡೈರಿಯ ತೆರೆದ ಪುಟದಲ್ಲಿ ನನ್ನ ಶಪಥ. ಅದರ ಕೆಳಗಿನ ಎರಡು ಗೆರೆಗಳ ಕೆಳಗೆ ಮೂರನೆಯ ಗೆರೆ, ಕಪ್ಪಗೆ, ನಡೆದಾಡುತ್ತಿತ್ತು.

"ಅಮ್ಮಾ!" ಮಗಳ ಕಣ್ಣು ಅಗಲವಾಯಿತು. "ಊರಲ್ಲೆಲ್ಲೂ ಚಾಕೊಲೇಟೇ ಸಿಗ್ತಿಲ್ಲ ಅಂದಿದ್ಯಲ್ಲ?"

ನನ್ನ ಗಂಡ ಹಿಂದಿನಿಂದ, "ಇಲ್ಲಿ ಸ್ಟಾಕ್ ಆಗಿತ್ತು ಅಂತ ಕಾಣತ್ತೆ," ಎಂದರು. ಜನ್ಮದಲ್ಲಿ ಮೊದಲ ಸಲ ಒಂದು ಪಕ್ಷ ವಹಿಸಿದ್ದು!

ಮಾವ ಕೈ ಚಾಚಿದರು. "ಕಾರಣ ಬರೆದು ಕೊಡು."

ಡ್ರಾಯರು ತೊಳೆದೆ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಇರುವೆಯೂ ಇರಲಿಲ್ಲ. ಹತ್ತು ದಿನದ ಶಪಥ ಹತ್ತನೆಯ ದಿನವೇ ನೆರವೇರಿತು, ಆದರೆ ಅದನ್ನು ಡೈರಿಯಲ್ಲಿ ಬರೆಯುವ ಮುಖ ನನಗಿರಲಿಲ್ಲ.

ಸೀಟಿಯಿಲ್ಲದೆ ಮಾವ ಕುರ್ಚಿಗೆ ಮರಳಿದ್ದರು. ಕಣ್ಣು ಮುಚ್ಚಿತ್ತು. ಮನೆ ಮೊದಲಿನಂತೆ ತಣ್ಣಗಾಗಿತ್ತು. ಯಂತ್ರ ಒಯ್ಯುವವನು ಐದಕ್ಕೆ ಬರುವವನಿದ್ದ. ನಾನು ಅಡುಗೆಮನೆಯಲ್ಲಿ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದಾಗ ಅತ್ತೆ ಬಂದು ನಿಂತರು. ಈಗ ಚುಚ್ಚುತ್ತಾರೆ, ಕಪ್ಪೆಗೆ ಚುಚ್ಚಿದ ಹಾಗೆ ಎಂದು ಕಾದೆ. ಚುಚ್ಚಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು.

ನಾನು ಮಗಳ ಪ್ರಶ್ನೆಯನ್ನೇ ಕೇಳಿಬಿಟ್ಟೆ. "ನಿಮಗೆ ಆ ಹೆಣಗಳು ಅಂದ್ರೆ ಯಾಕಷ್ಟು ಇಷ್ಟ, ಅತ್ತೆ?"

"ಎದ್ದು ಬರ್ತಾರಲ್ಲೇ," ಎಂದರು ಅತ್ತೆ.

ನಾನು ಟೇಪಿನ ಸುರುಳಿ ಕೆಳಗಿಟ್ಟೆ.

"ಹೋದ ಶನಿವಾರ ಅವರು ತಾವಾಗೇ ಬಂದು ನನ್ನ ಪಕ್ಕ ಕೂತ್ರು, ಗೊತ್ತಾ? ಸಿನಿಮಾ ನೋಡಿ, 'ಇವರೆಲ್ಲ ಟಿಕೆಟ್ ಇಲ್ದೆ ಎಲ್ಲಿಗೆ ಹೊರಟಿದಾರೆ?' ಅಂದ್ರು. ನಕ್ಕೂ ನಕ್ಕೂ ನನಗೆ ಕೆಮ್ಮು ಬಂತು. ಆರು ವರ್ಷ ಆಗಿತ್ತು ಕಣೇ ಅವರು ನನ್ನ ನಗಿಸಿ." ಸೆರಗು ಬಿಟ್ಟರು. "ಒಂದು ಉಪಕಾರ ಮಾಡು. ಅದನ್ನ ವಾಪಸ್ ಕಳಿಸಬೇಡ. ಶನಿವಾರ ಮೂರಕ್ಕೆ ಐದು ನಿಮಿಷ ಇರೋವಾಗ ಸ್ವಿಚ್ ನೀನೇ ಹಾಕು. ಇಷ್ಟು ದಿನ ಅದನ್ನ ಬೈದು ಈಗ ನಾನೇ ಹಾಕಿದ್ರೆ ನನ್ನ ಮರ್ಯಾದೆ ಏನಾಗಬೇಕು?"

ನಾನು ಟೇಪು ಬಿಚ್ಚತೊಡಗಿದೆ. ನನ್ನ ಕಡೆಯಿಂದಲೂ ಏನಾದರೂ ಒಳ್ಳೆಯದಿರಲಿ ಎಂದು, "ಬಾಜಿ ಸೋತಿದೀನಿ ಅತ್ತೆ, ಶನಿವಾರ ನಾನೂ ಕೂರ್ತೀನಿ. ಪೂರ್ತಿ ನೋಡ್ತೀನಿ," ಎಂದೆ.

ಅತ್ತೆ ಬಾಗಿಲ ಬಳಿ ಹೋದವರು ತಿರುಗಿದರು.

"ಹಾಗಾದ್ರೆ ಇನ್ನೊಂದು ಉಪಕಾರ ಮಾಡು," ಎಂದರು. "ಬರಬೇಡ. ಆ ಸೋಫಾದಲ್ಲಿ ಇಬ್ಬರಿಗೇ ಜಾಗ."