ಮೊದಲ ಸೀಟಿನ ಹಂಪಯ್ಯ

ಹಂಪಯ್ಯ ಒಂದು ದಿನ ಕಾಲು ನೋಯುತ್ತಿದೆಯೆಂದು ಸುಮ್ಮನೆ ಕುಂತದ್ದೇ ತಪ್ಪಾಯಿತು. ಯಾವುದಾದರೂ ಕಟ್ಟೆಯ ಮೇಲೆ ಕುಂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ಕುಂತದ್ದು ಲಿಂಗರಾಜ್ ಧಣಿ ಆಗಷ್ಟೇ ತಂದು ನಿಲ್ಲಿಸಿದ್ದ ಹೊಸ ಲಾರಿಯ ಕ್ಯಾಬಿನ್ನಿನಲ್ಲಿ. ಆ ಲಾರಿ ಅದಿರು ಹೊತ್ತು ಬಂದರಿಗೆ ಹೋಗಿ ಒಂದು ಗೀರೂ ಇಲ್ಲದೆ ತಿರುಗಿ ಬಂತು. ಅದರ ಬೆನ್ನಿಗೆ ಬಂದ ಇನ್ನೊಂದು ಹೊಸ ಲಾರಿಯಲ್ಲಿ ಅವನು ಕುಂದರಲಿಲ್ಲ. ಅದು ಮೊದಲ ದಿನವೇ ಗುಡ್ಡದ ತಿರುವಿನಲ್ಲಿ ಬಾಣಂತಿಯ ಹಾಗೆ ಮಗ್ಗುಲಾಗಿ ಮಲಗಿತು. ಕೆಲವರಿಗೆ ಕಾಲ್ಗುಣ ಇರುತ್ತದೆ, ಕೆಲವರಿಗೆ ಕೈಗುಣ ಇರುತ್ತದೆ, ಹಂಪಯ್ಯನಿಗೆ ಕುಂದ್ರೋ ಗುಣ ಐತಿ ಎಂದು ಧಣಿ ತೀರ್ಮಾನ ಮಾಡಿದ. ಅಂದಿನಿಂದ ಗಾಲಿಯ ಕೆಳಗೆ ನಿಂಬೆಹಣ್ಣು, ಸೀಟಿನ ಮೇಲೆ ಹಂಪಯ್ಯ, ಇವೆರಡೂ ಇಲ್ಲದೆ ಧಣಿಯ ಯಾವ ಹೊಸ ಗಾಡಿಯೂ ಮುಂದಕ್ಕೆ ಉರುಳಲಿಲ್ಲ.

ಲಾರಿಯಾದರೆ ಚಿಂತೆಯಿರಲಿಲ್ಲ. ಹನುಮಪ್ಪನ ಗುಡಿಯ ತನಕ ಹೋಗಿ ಬರುವುದು, ಅದೂ ನೆಲದ ಮೇಲೆ. ಈಗ ಬಂದದ್ದು ಬೇರೆಯೇ ಆಗಿತ್ತು.

ಚೀನಾ ದೇಶ ನಮ್ಮ ಕಡೆಯ ಕೆಂಪು ಮಣ್ಣನ್ನು ಬಾಚಿ ಬಾಚಿ ತರಿಸಿಕೊಳ್ಳುತ್ತಿದ್ದ ಕಾಲ ಅದು. ಬಂದ ರೊಕ್ಕವನ್ನು ಎಲ್ಲಿಡಬೇಕೆಂದು ತಿಳಿಯದ ಧಣಿಗಳು ಏನೇನೋ ಕಟ್ಟಿಸುತ್ತಿದ್ದರು. ಲಿಂಗರಾಜ್ ಧಣಿ ಹೊಸಪೇಟೆಯಿಂದ ಟಿ.ಬಿ. ಡ್ಯಾಮಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಆಟದ ಪಾರ್ಕು ಕಟ್ಟಿಸಿದ. ಅದರ ನಟ್ಟನಡುವೆ ಚೀನಾದಿಂದಲೇ ತರಿಸಿದ ರೋಲರ್ ಕೋಸ್ಟರ್ ನಿಲ್ಲಿಸಿದ. ನಮ್ಮ ಮಣ್ಣೇ ಹೋಗಿ ರೈಲಾಗಿ ವಾಪಸು ಬಂದೈತಿ ಎಂದು ಧಣಿಯ ಅದಿರು ಯಾರ್ಡಿನವರು ನಗುತ್ತಿದ್ದರು. ಬಿಸಿ ಎಣ್ಣೆಯೊಳಗಿನ ಚಕ್ಕಲಿಯನ್ನು ಯಾರೋ ಕೊನೆ ಹಿಡಿದು ಆಕಾಶಕ್ಕೆ ಎಳೆದಂತೆ ಅದರ ಕಂಬಿ ಸುತ್ತಿ ಸುತ್ತಿ ಮೇಲೆ ಹೋಗಿ, ಅಲ್ಲಿಂದ ಒಮ್ಮೆಲೇ ಕೆಳಕ್ಕೆ ಬಿದ್ದಿತ್ತು. ಹತ್ತಿದವನ ಜೀವ ಬಾಯಿಗೆ ಬರಬೇಕು, ಹಂಪಿ ನೋಡಲು ಬಂದವರೆಲ್ಲ ಇದನ್ನೂ ಹತ್ತಿಯೇ ಹೋಗಬೇಕು ಎಂಬುದು ಧಣಿಯ ಆಸೆ. ಮೊದಲ ಟ್ರಿಪ್ಪಿಗೆ ಮೊದಲ ಸೀಟಿನಲ್ಲಿ ಯಾರು ಎಂದು ಯಾರೂ ಕೇಳಲೇ ಇಲ್ಲ. ಎಲ್ಲರೂ ಹಂಪಯ್ಯನ ಕಡೆ ನೋಡಿದರು.

ಹಂಪಯ್ಯ ಪಂಚಮಿ ಹಬ್ಬದ ಜೋಕಾಲಿಯನ್ನೂ ಹತ್ತಿದವನಲ್ಲ. ಯಾರ್ಡಿನಲ್ಲಿ ಅವನ ಕೆಲಸ ತುಂಬಿದ ಲಾರಿಗಳಿಗೆ ತಾಡಪತ್ರಿ ಕಟ್ಟುವುದು. ಅದನ್ನೂ ಅವನು ಕೆಳಗೆ ನಿಂತು ಹಗ್ಗ ಎಸೆದು, ಮೇಲಿನ ಗಂಟನ್ನು ಜೊತೆಗಾರ ಎರ್ರಿಯಪ್ಪನಿಂದ ಹಾಕಿಸುತ್ತಿದ್ದ. ಆದರೆ ಧಣಿ ಒಂದು ಮಾತು ಕೊಟ್ಟಿದ್ದ. ಕುಂತು ಬಂದರೆ ಪಾರ್ಕಿನ ಗೇಟಿನ ಕುರ್ಚಿ ಹಂಪಯ್ಯನದು. ಕುಂದರದಿದ್ದರೆ ಎರ್ರಿಯಪ್ಪನದು. ನೆರಳು, ತಲೆಯ ಮೇಲೆ ಫ್ಯಾನು, ಟಿಕೆಟು ಹರಿದು ಕೊಟ್ಟರೆ ಮುಗಿಯಿತು. ಯಾರ್ಡಿನ ಧೂಳು ಕುಡಿದೂ ಕುಡಿದೂ ಹಂಪಯ್ಯನ ಎದೆ ಜರಡಿಯಾಗಿತ್ತು; ಅವನು ಕೆಮ್ಮಿದರೆ ಓಣಿಯ ಕೋಳಿಗಳು ಬೆಳಗಾಯಿತೆಂದು ಎದ್ದು ಬರುತ್ತಿದ್ದವು. ಆ ಕುರ್ಚಿ ಸಿಕ್ಕರೆ ಇನ್ನಷ್ಟು ವರ್ಷ ಬದುಕಬಹುದು. ಅದು ಸಿಗಬೇಕಾದರೆ ಮೊದಲು ಸಾಯಬೇಕು. ಹಂಪಯ್ಯನಿಗೆ ಲೆಕ್ಕ ಹೀಗೆ ಕಾಣುತ್ತಿತ್ತು.

ಪಾರ್ಕು ತೆರೆಯುವುದಕ್ಕೆ ಧಣಿ ಅಮಾವಾಸ್ಯೆಯನ್ನೇ ಗೊತ್ತು ಮಾಡಿದ್ದ, ಗಾಡಿ ಪೂಜೆಗೆ ಅದಕ್ಕಿಂತ ಒಳ್ಳೆಯ ದಿನ ಲಾರಿಯವರಿಗೆ ಬೇರೆ ಯಾವುದಿದೆ. ಆ ಬೆಳಿಗ್ಗೆ ಹಂಪಯ್ಯ ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹೆಂಡತಿ ಜಂಬಮ್ಮ ಅಜವಾನದ ಕಷಾಯ ಕಾಸಿ ತಂದಳು. ಅದು ಎಷ್ಟು ಖಾರವಿತ್ತೆಂದರೆ ಅವನು ಒಂದು ಗುಟುಕಿಗೇ ಎದ್ದು ನಿಂತ. ಎದ್ದವನನ್ನು ಆಕೆ ಮತ್ತೆ ಮಲಗಗೊಡಲಿಲ್ಲ. ಕಂಪ್ಲಿಯಿಂದ ತವರಿನವರೆಲ್ಲ ಬಸ್ಸು ಹಿಡಿದು ಹೊರಟಾಗಿದೆ, ಗೇಟಿನ ಕುರ್ಚಿಗೆಂದು ತಾನು ದಿಂಬು ಹೊಲಿದಾಗಿದೆ, ಇನ್ನು ಹೊಟ್ಟೆನೋವಿಗೆ ಹೊತ್ತಿಲ್ಲ ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಪಕೀರಮ್ಮ ಬಂದಳು. ಪಾರ್ಕಿನಲ್ಲಿ ಕಸ ಹೊಡೆಯುವ ಕೆಲಸ ಆಕೆಯದು. ಹಂಪಯ್ಯನಿಗೆ ಧೈರ್ಯ ಹೇಳಿ ಹೋಗಲೆಂದೇ ಬಂದಿದ್ದಳು.

"ನೀ ಏನೂ ಅಂಜಬ್ಯಾಡ ಹಂಪಣ್ಣ. ಮನುಷ್ಯರನ್ನ ಹತ್ತಿಸೋಕ ಮುಂಚೆ ಮಣ್ಣಿನ ಮೂಟಿ ಕುಂದ್ರಿಸಿ ಓಡಿಸಿ ನೋಡ್ಯಾರ. ನಾನೇ ಕಣ್ಣಾರೆ ನೋಡೀನಿ. ಹತ್ತಿದ್ದು ಎಂಟು ಮೂಟಿ, ಇಳಿದದ್ದು ಏಳು."

"ಎಂಟನೇದು?"

"ಹುಡುಕಾಕ ಹತ್ಯಾರ."

ಹಂಪಯ್ಯ ಮತ್ತೆ ಹಾಸಿಗೆಯ ಕಡೆ ತಿರುಗಿದ. ಅವನನ್ನು ಜಂಬಮ್ಮ ಒಂದು ರಟ್ಟೆ, ಪಕೀರಮ್ಮ ಒಂದು ರಟ್ಟೆ ಹಿಡಿದು ಆಟೋಕ್ಕೆ ಹತ್ತಿಸಿದರು.

ಪಾರ್ಕಿನ ಮುಂದೆ ಜನ ಕಿಕ್ಕಿರಿದಿದ್ದರು. ಡ್ಯಾಮಿನ ಕ್ವಾರ್ಟರ್ಸಿನವರು, ಕಂಪ್ಲಿಯ ನೆಂಟರು, ಹಂಪಿಗೆ ಹೊರಟಿದ್ದ ಒಂದು ಬಸ್ಸಿನ ತುಂಬ ಯಾತ್ರಿಕರು. ಆದರೆ ಮೊದಲ ಟ್ರಿಪ್ಪಿಗೆ ಹಿಂದಿನ ಸೀಟುಗಳನ್ನು ಧಣಿ ತನ್ನ ಲಾರಿ ಡ್ರೈವರುಗಳಿಗೇ ಇಟ್ಟಿದ್ದ. ಅವರ ಬಾಯಿಗೆ ಬಿದ್ದ ಮಾತು ಇಲ್ಲಿಂದ ಬಂದರಿನ ತನಕ ಇರುವ ಎಲ್ಲ ಢಾಬಾಗಳಿಗೂ ಮುಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ಗೇಟಿನಲ್ಲಿ ಕುರ್ಚಿ ಇತ್ತು. ಅದರ ಬೆನ್ನಿಗೆ ಕೈ ಇಟ್ಟುಕೊಂಡು ಎರ್ರಿಯಪ್ಪನೂ ನಿಂತಿದ್ದ.

"ಹಂಪಣ್ಣ, ಅಂಜಿಕಿ ಬಂದ್ರ ನಾಚಬ್ಯಾಡ, ಹೇಳು. ನಾ ಕುಂದ್ರತೀನಿ. ಅದರ ಮ್ಯಾಲೂ, ಇದರ ಮ್ಯಾಲೂ," ಎಂದು ಕುರ್ಚಿಯನ್ನು ತಟ್ಟಿದ.

ಹಂಪಯ್ಯನಿಗೆ ಆಗ ಒಂದು ಉಪಾಯ ಹೊಳೆಯಿತು. ಎಲ್ಲರ ಎದುರಿಗೇ ಧಣಿಗೆ ಕೈಮುಗಿದು, ತನ್ನ ಗುಣ ಸ್ಟೇರಿಂಗ್ ಇರುವ ಗಾಡಿಗಷ್ಟೇ ಹತ್ತುತ್ತದೆ, ಇದಕ್ಕೆ ಸ್ಟೇರಿಂಗೇ ಇಲ್ಲ, ಸುಮ್ಮನೆ ಕುಂತು ಧಣಿಯವರಿಗೆ ಕೇಡು ತರಲಾರೆ ಎಂದ. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಮಾತು ಹೌದೆನಿಸಿತು. ಸ್ಟೇರಿಂಗ್ ಇಲ್ಲದ್ದಕ್ಕೆ ಗಾಡಿ ಎನ್ನುವುದಾದರೂ ಹೇಗೆ ಎಂದು ಒಬ್ಬ ಹಿರಿಯ ಡ್ರೈವರ್ ತಲೆ ತೂಗಿದ. ಧಣಿ ಗಲ್ಲ ಕೆರೆದುಕೊಂಡ. ಹಂಪಯ್ಯ ಬೆಳಗಿನಿಂದ ಅದೇ ಮೊದಲ ಸಲ ಪೂರ್ತಿ ಉಸಿರು ಬಿಟ್ಟ.

ಧಣಿ ವೆಲ್ಡಿಂಗ್ ಕೊಟ್ರಬಸಪ್ಪನನ್ನು ಕರೆದ. ಜನ ಒಂದೊಂದು ಚಹಾ ಕುಡಿಯುವುದರೊಳಗೆ ಹಳೆಯ ಲಾರಿಯ ಸ್ಟೇರಿಂಗೊಂದು ಮೊದಲ ಸೀಟಿನ ಮುಂದಿನ ಸರಳಿಗೆ ಬಂದು ಅಂಟಿಕೊಂಡಿತು. ಕೊಟ್ರಬಸಪ್ಪ ಧಾರಾಳ ಮನುಷ್ಯ; ಕೇಳದಿದ್ದರೂ ಒಂದು ಹಾರ್ನನ್ನೂ ಕೂಡಿಸಿದ್ದ. ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಜಂಬಮ್ಮ ಗಂಡನ ಹಣೆಗೆ ಭಂಡಾರ ಹಚ್ಚಿ, ಬಲಗೈಗೆ ಕರಿದಾರ ಕಟ್ಟಿದಳು. ಕಬ್ಬಿಣದ ಸರಳು ಹೊಟ್ಟೆಯ ಮೇಲೆ ಬಂದು ಕುಂತು ಕಟಕ್ಕೆಂದಿತು. ಇಲಿಬೋನಿನ ಬಾಗಿಲು ಬಿದ್ದಾಗ ಇಲಿಗೂ ಹೀಗೇ ಕೇಳಿಸುತ್ತದೋ ಏನೋ.

ರೈಲು ಮೇಲೆ ಹತ್ತತೊಡಗಿತು. ಕೆಳಗಿನ ಸರಪಳಿ ಕಟಕಟ ಎನ್ನುತ್ತಿತ್ತು, ಮೇಲೆ ಹಂಪಯ್ಯನ ಹಲ್ಲು ಅದಕ್ಕೆ ತಾಳ ಹಾಕುತ್ತಿತ್ತು. ಎಡಕ್ಕೆ ಡ್ಯಾಮಿನ ನೀರು ಬಾಯಿ ತೆರೆದು ಮಲಗಿತ್ತು. ಬಲಕ್ಕೆ ದಿನಾ ತಲೆಯೆತ್ತಿ ನೋಡುತ್ತಿದ್ದ ಜಂಬುನಾಥನ ಗುಡ್ಡ ಇಂದು ಸಮಸಮ ಎದುರಿಗೆ ನಿಂತಿತ್ತು. ಕೆಳಗೆ ಲಾರಿಗಳು ಕೆಂಜಿಗದ ಸಾಲಾಗಿದ್ದವು. ಗೇಟಿನ ಕುರ್ಚಿ ಬೆಂಕಿಪೆಟ್ಟಿಗೆಯಷ್ಟಾಗಿ, ಕಡ್ಡಿಯಷ್ಟಾಗಿ, ಆಮೇಲೆ ಕಾಣಲೇ ಇಲ್ಲ. ತುದಿಯಲ್ಲಿ ರೈಲು ಒಂದು ಗಳಿಗೆ ನಿಂತಿತು. ಇಲ್ಲಿಂದಲೇ ಎಂಟನೆಯ ಮೂಟೆ ಹೊರಟಿದ್ದು ಎಂದು ಹಂಪಯ್ಯನಿಗೆ ಖಾತ್ರಿಯಾಯಿತು.

ಆಮೇಲೆ ಕೆಳಗಿನ ನೆಲವನ್ನು ಯಾರೋ ಚಾಪೆ ಎಳೆದಂತೆ ಎಳೆದುಕೊಂಡರು.

ಹಂಪಯ್ಯನ ಬಾಯಿಂದ ಒಂದು ಕೂಗು ಹೊರಟಿತು. ಅದು ಅವನದೇ ಎಂದು ಅವನಿಗೂ ಗೊತ್ತಾಗಲಿಲ್ಲ. ಎಮ್ಮೆ ಈಯುವಾಗಿನ ನರಳು, ಮಿಲ್ಲಿನ ಸೈರನ್ನು, ಹೆಣದ ಮುಂದಿನ ಅಳು, ಎಲ್ಲವೂ ಅದರಲ್ಲಿದ್ದವು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ, ರೈಲು ಬಲಕ್ಕೆ ಹೋಯಿತು. ಕಾಲಿನಿಂದ ಬ್ರೇಕು ಹುಡುಕಿದ, ಒಂದು ಚಪ್ಪಲಿ ಡ್ಯಾಮಿನ ದಿಕ್ಕಿಗೆ ಹಾರಿಹೋಯಿತು. ಹಾರ್ನು ಒತ್ತಿದ, ಅದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಜಂಬುನಾಥನನ್ನು ಕರೆದ, ಹನುಮಪ್ಪನನ್ನು ಕರೆದ, ಸತ್ತುಹೋದ ಅತ್ತೆಯನ್ನೂ ಕರೆದ. ಇಷ್ಟರ ನಡುವೆ ಇನ್ನೊಂದು ದಿಗಿಲು ಬೆನ್ನಿಗೆ ತಣ್ಣಗೆ ಹತ್ತಿತು. ಹಿಂದಿನಿಂದ ಒಂದು ದನಿಯೂ ಇಲ್ಲ. ಅಷ್ಟು ಜನ ಗಟ್ಟಿ ಗಂಡಸರು, ಒಬ್ಬನಾದರೂ ಅಯ್ಯೋ ಎನ್ನಬೇಡವೇ. ಎಲ್ಲರೂ ಎದೆ ಒಡೆದು ಸತ್ತಿದ್ದಾರೆ, ಹೆಣಗಳನ್ನು ಹೊತ್ತು ತಾನೊಬ್ಬನೇ ಓಡುತ್ತಿದ್ದೇನೆ ಎಂದು ತಿಳಿದು ಅವನು ಇನ್ನೂ ಜೋರಾಗಿ ಕೂಗಿದ.

ರೈಲು ನಿಂತಿತು. ಹಂಪಯ್ಯ ಮೆಲ್ಲಗೆ ಕುತ್ತಿಗೆ ತಿರುಗಿಸಿದ. ಡ್ರೈವರುಗಳು ಬದುಕಿದ್ದರು. ಒಬ್ಬ ಆಕಳಿಸುತ್ತಿದ್ದ, ಇನ್ನೊಬ್ಬ ತಂಬಾಕು ತಿಕ್ಕುತ್ತಿದ್ದ. ಹಿರಿಯ ಡ್ರೈವರ್ ಪಕ್ಕದವನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಎಬ್ಬಿಸಿದರೆ ಕಣ್ಣುಜ್ಜಿಕೊಂಡು, "ಹೊಂಟಿತೇನು?" ಎಂದು ಕೇಳಿದ.

ಧಣಿಯ ಮುಖ ಹಳಸಿದ ಸಾರಿನಂತಾಯಿತು. ಹೆಂಗಿತ್ರಪ್ಪಾ ಎಂದು ಕೇಳಿದ್ದಕ್ಕೆ ಡ್ರೈವರುಗಳು ಮುಲಾಜಿಲ್ಲದೆ ಹೇಳಿದರು: ಯಶವಂತನಗರದ ರಸ್ತೆಯಲ್ಲಿ ಲೋಡು ಹಾಕಿಕೊಂಡು ದಿನಾ ಇದಕ್ಕಿಂತ ಹೆಚ್ಚು ಎದ್ದೆದ್ದು ಬೀಳುತ್ತೇವೆ, ಅಲ್ಲಿ ಹೊಟ್ಟೆಯ ಮೇಲೆ ಹಿಡಿಯುವ ಸರಳೂ ಇಲ್ಲ. ಇದು ನುಣ್ಣಗೆ ಹೋಗುತ್ತದೆ, ತೊಟ್ಟಿಲಿನ ಹಾಗೆ, ಭಾಳ ದಿನದ ಮೇಲೆ ಕಣ್ಣು ಹತ್ತಿತು. ಧಣಿ ತಲೆಯ ಮೇಲೆ ಕೈ ಹೊತ್ತು ಕುಂತ. ಸಂಜೆಯೊಳಗೆ ಈ ಮಾತು ಢಾಬಾಗಳಿಗೆ ಮುಟ್ಟುತ್ತಿತ್ತು.

ಆದರೆ ಗೇಟಿನ ಕಡೆಯಿಂದ ಗದ್ದಲ ಕೇಳಿತು. ಹೊರಗೆ ನಿಂತ ಜನಕ್ಕೆ ಡ್ರೈವರುಗಳ ಆಕಳಿಕೆ ಕಂಡಿರಲಿಲ್ಲ. ಅವರಿಗೆ ಕೇಳಿದ್ದು ಹಂಪಯ್ಯನ ಕೂಗು ಮಾತ್ರ. ಮೊದಲು ನಾಕು ಹೆಜ್ಜೆ ಹಿಂದಕ್ಕೆ ಓಡಿದವರು, ಈಗ ಒಬ್ಬರ ಮೇಲೊಬ್ಬರು ಬಿದ್ದು ಟಿಕೆಟು ಕೇಳುತ್ತಿದ್ದರು. ಅಷ್ಟು ಹೆದರಿಸುವಂಥದ್ದು ಏನೈತಿ, ನಮಗೂ ತೋರಿಸ್ರಿ ಎಂದು ಹಂಪಿಗೆ ಹೊರಟ ಯಾತ್ರಿಕರು ಬಸ್ಸನ್ನೇ ಬಿಟ್ಟು ಬಂದಿದ್ದರು.

ಧಣಿ ಎದ್ದು ಬಂದು ಹಂಪಯ್ಯನ ಎರಡೂ ಭುಜ ಹಿಡಿದುಕೊಂಡ. "ಮಸ್ತ್ ಕೂಗಿದ್ಯೋ ಹಂಪಯ್ಯ. ನಿನ್ನಂಗ ಅಂಜೋನು ಈ ಜಿಲ್ಲಾದಾಗ ಇನ್ನೊಬ್ಬ ಇಲ್ಲ."

"ಧಣಿ, ಆ ಕುರ್ಚಿ..."

"ಕುರ್ಚಿ ಎರ್ರಿಯಪ್ಪಗ ಇರಲಿ. ಟಿಕೆಟು ಯಾರಾದರೂ ಹರೀತಾರ. ಇವತ್ತಿಂದ ನಿಂದು ಮೊದಲ ಸೀಟು. ಎಲ್ಲಾ ಟ್ರಿಪ್ಪಿಗೂ."

ಹಂಪಯ್ಯ ಅವನ ಕಾಲು ಹಿಡಿಯಲು ಹೋದ. ತನಗೆ ಯಾರ್ಡೇ ಸಾಕು, ಧೂಳೇ ಸಾಕು ಎಂದ. ಯಾರ್ಡಿನ ಅವನ ಜಾಗಕ್ಕೆ ಬೆಳಿಗ್ಗೆಯೇ ಬೇರೆ ಆಳು ಬಂದಾಗಿದೆ ಎಂದು ಧಣಿ ಹೇಳಿದ. ಜಂಬಮ್ಮ ದಿಂಬು ಹಿಡಿದುಕೊಂಡು ಓಡಿ ಬಂದು ಗಂಡನ ಬೆನ್ನು ಸವರಿದಳು. "ಅಳಬ್ಯಾಡ್ರಿ. ನಾಕು ದಿನ ಹತ್ತಿ ಇಳಿದ್ರ ರೂಢಿ ಆಕ್ಕೈತಿ."

ಧಣಿ ಗಾಬರಿಯಾದ. "ಏ ತಂಗಿ, ಅಂಥಾ ಮಾತು ಆಡಬ್ಯಾಡ. ರೂಢಿ ಆತು ಅಂದ್ರ ಕೂಗು ನಿಲ್ತೈತಿ. ಕೂಗು ನಿಂತ ದಿನ ಇವನಿಗೆ ಇಲ್ಲೇನು ಕೆಲಸ?"

ಮತ್ತೆ ಸರಳು ಕಟಕ್ಕೆಂದಿತು. ಹಿಂದೆ ಯಾತ್ರಿಕರು ಒತ್ತೊತ್ತಾಗಿ ಕುಂತರು. ರೈಲು ಹತ್ತಿತು. ಹಂಪಯ್ಯ ಕಣ್ಣು ಮುಚ್ಚಿ, ಎದೆ ಬಾಯಿಗೆ ಬರುವುದನ್ನು ಕಾದ. ಹೋದ ಸಲ ಬಾಯಿಯ ತನಕ ಬಂದಿದ್ದ ಜೀವ ಈ ಸಲ ಗಂಟಲಿಗೇ ನಿಂತಿತು. ಕಣ್ಣು ತೆರೆದ. ಡ್ಯಾಮಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಚೆಂದ ಐತಲ್ಲ, ಎಂದುಕೊಂಡ.

ಎಂದುಕೊಂಡವನೇ ಬೆಚ್ಚಿಬಿದ್ದ. ಯಾರ್ಡು ಹೋಗಿತ್ತು, ಕುರ್ಚಿ ಹೋಗಿತ್ತು, ಕೈಯಲ್ಲಿ ಉಳಿದಿದ್ದುದು ಈ ಅಂಜಿಕೆಯೊಂದೇ. ಅದೂ ಎರಡನೆಯ ಟ್ರಿಪ್ಪಿಗೇ ಸವೆಯತೊಡಗಿತ್ತು. ಇದೂ ಹೋದರೆ ಹೊಟ್ಟೆಗೇನು ಎಂಬ ಅಂಜಿಕೆ ಹಂಪಯ್ಯನಿಗೆ ಹತ್ತಿತು. ರೈಲು ಇನ್ನೂ ತುದಿಗೆ ಮುಟ್ಟಿರಲಿಲ್ಲ, ಬೀಳುವುದಿರಲಿ ಬಾಗಿರಲೂ ಇಲ್ಲ, ಅವನು ಆಗಲೇ ಮೊದಲಿನದಕ್ಕಿಂತ ಎರಡು ಪಟ್ಟು ಜೋರಾಗಿ ಕೂಗಲು ಹತ್ತಿದ್ದ. ಕೆಳಗೆ ಗೇಟಿನ ಕುರ್ಚಿಯಲ್ಲಿ ಎರ್ರಿಯಪ್ಪನಿಗೆ ಟಿಕೆಟು ಹರಿಯಲು ಎರಡು ಕೈ ಸಾಲದಾದವು.